ಐದು ಬಂದರೆ ಮೂಲೆ ಸಮ

ಕೆರಾಡಿ ಎಂದ ಕೂಡಲೇ ಈಗ ಎಲ್ಲರಿಗೂ ‘ಕಾಂತಾರ’ ನೆನಪಾಗುತ್ತದೆ. ಬಸ್ಸಿನಲ್ಲಿ ಪಕ್ಕ ಕುಳಿತವರು ಊರು ಯಾವುದೆಂದು ಕೇಳುತ್ತಾರೆ, ಹೇಳಿದ ಮರುಕ್ಷಣ ಶೂಟಿಂಗ್ ಎಲ್ಲಿ ಆದದ್ದು ಎನ್ನುತ್ತಾರೆ. ನಾನು ಹೇಳಹೊರಟದ್ದು ಅದೇ ಊರಿನ ನಮ್ಮ ಮನೆಯ ಹಿತ್ತಿಲಲ್ಲಿ, ಯಾವ ಕ್ಯಾಮೆರಾದ ಕಣ್ಣಿಗೂ ಬೀಳದೆ ನಡೆದ ಒಂದು ಸಣ್ಣ ಸಂಗತಿ.

ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಹೊಸ ನೋಟಿಫಿಕೇಶನ್ ಬಂದಿದೆಯೇ ಎಂದು ನೋಡುವುದು, ಬರದಿದ್ದರೆ ಹಳೆ ಪ್ರಶ್ನೆಪತ್ರಿಕೆ ಬಿಡಿಸುವುದು, ಇಷ್ಟೇ ಕೆಲಸ. ಕಳೆದ ಬೇಸಗೆಯಲ್ಲಿ ಅಡುಗೆಮನೆಗೆ ತಾಗಿ ಒಂದು ಕೋಣೆ ಕಟ್ಟಿಸಲು ಅಪ್ಪ ಮನಸ್ಸು ಮಾಡಿದರು. ಪಂಚಾಂಗಕ್ಕೆ ಗುರುತು ಹಾಕುವ ದಿನ ಆಳು ಬರಲಿಲ್ಲ. ‘ಸುಮ್ನೆ ಕೂತಿದ್ಯಲ್ಲ, ದಾರ ಹಿಡಿ’ ಎಂದರು ಅಪ್ಪ. ಗೂಟಕ್ಕೆ ಕಟ್ಟಿದ ನೈಲಾನ್ ದಾರದ ತುದಿ ನನ್ನ ಕೈಗೆ ಬಂತು.

ಮೇಸ್ತ್ರಿ ಹಳೆ ಗೋಡೆಯ ಉದ್ದಕ್ಕೆ ಮೂರು ಅಡಿ ಅಳೆದು ಸುಣ್ಣದಲ್ಲಿ ಗುರುತು ಹಾಕಿದರು. ಇನ್ನೊಂದು ದಾರದ ಮೇಲೆ ನಾಲ್ಕು ಅಡಿಗೆ ಒಂದು ಗುರುತು. ಆಮೇಲೆ ಆ ಎರಡು ಗುರುತುಗಳ ನಡುವೆ ಟೇಪ್ ಹಿಡಿದು, ‘ಗಟ್ಟಿ ಹಿಡ್ಕೋ ಮಾಣಿ, ಅಲ್ಲಾಡ್ಸ್‌ಬೇಡ’ ಎನ್ನುತ್ತ ನನ್ನನ್ನು ಒಂದು ಬೆರಳಷ್ಟು ಬಲಕ್ಕೆ, ಅರ್ಧ ಬೆರಳು ಎಡಕ್ಕೆ ಸರಿಸಿದರು. ಟೇಪಿನಲ್ಲಿ ಸರಿಯಾಗಿ ಐದು ಅಡಿ ಬಂದಾಗ ಗೂಟ ಹೊಡೆದರು. ‘ಐದ್ ಬಂತ್. ಮೂಲಿ ಸಮ ಆಯ್ತ್.’

‘ಎಂತಕ್ ಐದೇ ಬಪ್ದ್ ಮೇಸ್ತ್ರಿಯರೇ?’ ಎಂದು ಕೇಳಿದೆ. ನನಗೆ ಉತ್ತರ ಗೊತ್ತಿದೆ ಎಂಬ ಜಂಬದಲ್ಲೇ ಕೇಳಿದ್ದು. ಅವರು ನಕ್ಕು, ‘ನಮ್ಮ್ ಅಪ್ಪಯ್ಯ ಹಾಂಗೇ ಮಾಡ್ತಿದ್ರ್. ನೀ ಕಾಲೇಜಿಗ್ ಹೋದಂವ, ನೀನೇ ಹೇಳ್’ ಎಂದರು. ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಇಪ್ಪತ್ತೈದು, ಅದು ಐದರ ವರ್ಗ ಎಂದು ಒಪ್ಪಿಸಿದೆ. ‘ಅದ್ ಸಮ. ಆದ್ರೆ ಎಂತಕೆ?’ ಎಂದು ಅವರು ನನ್ನ ಪ್ರಶ್ನೆಯನ್ನೇ ನನಗೆ ತಿರುಗಿಸಿದರು. ನನ್ನ ಬಾಯಿ ಕಟ್ಟಿತು. ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಬರೆದು ಅಂಕ ಪಡೆದ ಪ್ರಮೇಯ ಅದು. ಸಮರೂಪ ತ್ರಿಭುಜ ಎಂಬ ಶಬ್ದವೊಂದು ಬಿಟ್ಟರೆ ತಲೆಯಲ್ಲಿ ಏನೂ ಉಳಿದಿರಲಿಲ್ಲ.

ನಾಚಿಕೆಯಾಗಲು ಇನ್ನೊಂದು ಕಾರಣವೂ ಇತ್ತು. 2022ರ ಜುಲೈ ನಿಮಗೂ ನೆನಪಿರಬಹುದು. ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ನಮ್ಮ ರಾಜ್ಯ ಸಿದ್ಧಪಡಿಸಿದ ನಿಲುವು ಪತ್ರವೊಂದರಲ್ಲಿ ಪೈಥಾಗೊರಸನ ಪ್ರಮೇಯ, ನ್ಯೂಟನ್ ತಲೆಯ ಮೇಲೆ ಬಿದ್ದ ಸೇಬು ಇವೆಲ್ಲ ‘ಸುಳ್ಳು ಸುದ್ದಿ’ ಎಂಬ ಮಾತಿತ್ತು. ಟೀವಿಯಲ್ಲಿ, ಪೇಪರಿನಲ್ಲಿ, ಕ್ಯಾಂಟೀನಿನಲ್ಲಿ ಅದೇ ಚರ್ಚೆ. ನಮ್ಮ ಕಾಲೇಜಿನಲ್ಲೂ ಅದನ್ನೇ ವಿಷಯವಾಗಿಟ್ಟು ಚರ್ಚಾ ಸ್ಪರ್ಧೆ ಏರ್ಪಡಿಸಿದರು. ನಾನು ವಾಟ್ಸ್ಯಾಪಿನಲ್ಲಿ ಬಂದದ್ದನ್ನೆಲ್ಲ ಕಲೆಹಾಕಿ, ‘ಪೈಥಾಗೊರಸ್ ಭಾರತಕ್ಕೆ ಬಂದು ಕಲಿತು, ತನ್ನ ಹೆಸರಿಟ್ಟುಕೊಂಡ’ ಎಂದು ಗಟ್ಟಿ ದನಿಯಲ್ಲಿ ಸಾಧಿಸಿದೆ. ಎದುರಿನ ತಂಡದ ಹುಡುಗಿ ಎದ್ದು ಒಂದೇ ಪ್ರಶ್ನೆ ಕೇಳಿದಳು: ‘ಬೌಧಾಯನರ ನಿರೂಪಣೆ ಯಾವುದು, ಹೇಳ್ತೀರಾ?’ ನನಗೆ ಗೊತ್ತಿರಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೂಗಿದೆ. ಚಪ್ಪಾಳೆ ಬಿತ್ತು, ಎರಡನೇ ಬಹುಮಾನವೂ ಬಂತು. ಆ ಪ್ರಮಾಣಪತ್ರ ಈಗಲೂ ಫೈಲಿನಲ್ಲಿದೆ.

ಅವತ್ತು ಆಕೆ ಕೇಳಿದ್ದಕ್ಕೂ ಮೇಸ್ತ್ರಿ ಕೇಳಿದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಮರುದಿನದಿಂದ ಹುಡುಕಿ ಓದತೊಡಗಿದೆ.

ಮೊದಲು ಪೈಥಾಗೊರಸ್. ಕ್ರಿ.ಪೂ. 570ರ ಸುಮಾರಿಗೆ ಸಾಮೋಸ್ ಎಂಬ ಗ್ರೀಕ್ ದ್ವೀಪದಲ್ಲಿ ಹುಟ್ಟಿ, ದಕ್ಷಿಣ ಇಟಲಿಯ ಕ್ರೋಟನ್ ಎಂಬ ಊರಿನಲ್ಲಿ ಶಿಷ್ಯರ ಗುಂಪು ಕಟ್ಟಿದವನು. ಅವನು ಬರೆದದ್ದು ಎನ್ನಬಹುದಾದ ಒಂದು ಸಾಲೂ ಉಳಿದಿಲ್ಲ. ಅವನ ಬಗ್ಗೆ ನಾವು ಕೇಳುವ ಕತೆಗಳನ್ನು ಬಹುಪಾಲು ಶತಮಾನಗಳ ನಂತರದವರು ಬರೆದಿದ್ದಾರೆ. ಅವನು ಭಾರತಕ್ಕೆ ಬಂದಿದ್ದ ಎನ್ನುವ ನನ್ನ ಬಹುಮಾನದ ಮಾತೂ ಅಂಥದ್ದೇ. ಪ್ರಮೇಯ ಹೊಳೆದ ಖುಷಿಗೆ ಎತ್ತುಗಳನ್ನು ಬಲಿ ಕೊಟ್ಟನಂತೆ ಎಂಬುದು ಅವುಗಳಲ್ಲಿ ಪ್ರಸಿದ್ಧ. ಪ್ರಾಣಿಬಲಿಯನ್ನೇ ಒಪ್ಪದವನು ಎತ್ತು ಕಡಿದನೆಂದರೆ ನಂಬುವುದು ಹೇಗೆ ಎಂದು ರೋಮಿನ ಸಿಸೆರೊ ಆಗಲೇ ಅನುಮಾನಪಟ್ಟಿದ್ದ. ಪೋರ್ಫಿರಿ ಎಂಬ ಲೇಖಕ ಇದಕ್ಕೊಂದು ಉಪಾಯ ಹುಡುಕಿದ: ಬಲಿಕೊಟ್ಟದ್ದು ಹಿಟ್ಟಿನ ಎತ್ತು! ಯಜ್ಞದಲ್ಲಿ ನಿಜವಾದ ಪಶುವಿನ ಬದಲು ಹಿಟ್ಟಿನ ಪಶು ಸಾಕೆಂದ ಮಧ್ವಾಚಾರ್ಯರ ಉಡುಪಿ ಸೀಮೆಯವನಾದ ನನಗೆ ಇದನ್ನು ಓದಿ ನಗು ಬಂತು. ಬೇಳೆಕಾಳಿನ ಗಿಡ ತುಳಿಯಬಾರದೆಂಬ ನಿಷ್ಠೆಯಿಂದ ಗದ್ದೆ ದಾಟದೆ ನಿಂತು ಶತ್ರುಗಳ ಕೈಗೆ ಸಿಕ್ಕಿ ಸತ್ತ ಎಂಬ ಕತೆಯೂ ಇದೆ. ಭತ್ತದ ಕೊಯ್ಲಿನ ನಂತರ ಉದ್ದು ಬಿತ್ತುವ ನಮ್ಮ ಕಡೆ ಇದ್ದಿದ್ದರೆ ಅವನ ಪಾಡು ಏನಾಗುತ್ತಿತ್ತೋ.

ಹಾಗಾದರೆ ಪ್ರಮೇಯ ಬೌಧಾಯನರದ್ದೇ? ಅಲ್ಲೂ ನಾನು ಅರ್ಧ ತಪ್ಪಿದ್ದೆ. ಏಕೆಂದರೆ ಇಬ್ಬರಿಗಿಂತಲೂ ಹಿಂದಿನವರೊಬ್ಬರಿದ್ದಾರೆ, ಅವರ ಹೆಸರು ಯಾರಿಗೂ ಗೊತ್ತಿಲ್ಲ. ಇರಾಕಿನಲ್ಲಿ ಸಿಕ್ಕಿ ಈಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿರುವ ಮಣ್ಣಿನ ಹಲಗೆಯೊಂದಕ್ಕೆ ‘ಪ್ಲಿಂಪ್ಟನ್ 322’ ಎಂದು ಹೆಸರು. ಸುಮಾರು ಕ್ರಿ.ಪೂ. 1800ರದ್ದು. ಅದರಲ್ಲಿ ಹದಿನೈದು ಸಾಲು ಸಂಖ್ಯೆಗಳಿವೆ. ಒಂದು ಸಾಲಿನಲ್ಲಿ 12709 ಮತ್ತು 18541 ಎಂಬ ಜೋಡಿಯಿದೆ. ಇವನ್ನು ಲಂಬಕೋನ ತ್ರಿಭುಜದ ಒಂದು ಬಾಹು ಮತ್ತು ವಿಕರ್ಣ ಎಂದುಕೊಂಡರೆ ಉಳಿದ ಬಾಹು ಸರಿಯಾಗಿ 13500 ಬರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿ. ಯಾರೂ ಇದನ್ನು ದಾರ ಹಿಡಿದು ಅಂದಾಜಿನಲ್ಲಿ ಕಂಡುಹಿಡಿಯಲಾರರು. ನಿಯಮ ತಿಳಿದವರೇ ಕೂತು ಲೆಕ್ಕ ಮಾಡಿದ್ದಾರೆ.

ಬೌಧಾಯನರ ಶುಲ್ಬಸೂತ್ರವನ್ನು ಸಾಮಾನ್ಯವಾಗಿ ಕ್ರಿ.ಪೂ. 800ರ ಆಸುಪಾಸಿನದೆಂದು ಹೇಳುತ್ತಾರೆ. ‘ಶುಲ್ಬ’ ಎಂದರೆ ಹಗ್ಗ. ಯಜ್ಞವೇದಿಗೆ ಗೂಟ ಹೊಡೆದು, ಹಗ್ಗ ಎಳೆದು, ಇಟ್ಟಿಗೆ ಜೋಡಿಸುವವರಿಗಾಗಿ ಬರೆದ ಕೈಪಿಡಿ ಅದು. ಅಂದರೆ ನಮ್ಮ ಮೇಸ್ತ್ರಿಯ ಕಸುಬಿನದೇ ಪುಸ್ತಕ. ಗಿಡುಗನ ಆಕಾರದ ವೇದಿಗೆ ಇಟ್ಟಿಗೆ ಹೇಗೆ ಕೂರಿಸಬೇಕೆಂದೂ ಹೇಳುತ್ತದೆ. ಆಯತದ ಕರ್ಣದ ಮೇಲೆ ಎಳೆದ ಹಗ್ಗದಿಂದಾಗುವ ಚೌಕದ ವಿಸ್ತೀರ್ಣ, ಅಗಲ ಮತ್ತು ಉದ್ದ ಬೇರೆಬೇರೆಯಾಗಿ ಮಾಡುವ ಚೌಕಗಳ ಮೊತ್ತಕ್ಕೆ ಸಮ ಎಂಬ ನಿಯಮ ಅಲ್ಲಿ ಸ್ಪಷ್ಟವಾಗಿದೆ. ಮೂರು-ನಾಲ್ಕು, ಐದು-ಹನ್ನೆರಡು, ಎಂಟು-ಹದಿನೈದು, ಏಳು-ಇಪ್ಪತ್ನಾಲ್ಕು ಎಂದು ಜೋಡಿಗಳ ಪಟ್ಟಿಯೂ ಇದೆ. ಸಂಖ್ಯೆಗಳ ಪಟ್ಟಿ ಕೊಡುವುದು ಬೇರೆ, ‘ಯಾವ ಆಯತಕ್ಕಾದರೂ ಹೀಗೇ’ ಎಂದು ಮಾತಿನಲ್ಲಿ ಹೇಳುವುದು ಬೇರೆ. ಆ ಮಾತನ್ನು ಪೈಥಾಗೊರಸನಿಗಿಂತ ಮೊದಲೇ ಹೇಳಿದ ಹೆಚ್ಚುಗಾರಿಕೆ ಇಲ್ಲಿದೆ, ಅದರಲ್ಲಿ ಅನುಮಾನವಿಲ್ಲ. ಎರಡರ ವರ್ಗಮೂಲಕ್ಕೆ ಅವರು ಕೊಡುವ ಬೆಲೆ 577/408, ಅಂದರೆ 1.4142157. ನಿಜವಾದ ಬೆಲೆ 1.4142136. ಆ ಲೆಕ್ಕದಲ್ಲಿ ಬರುವ 34 ಎಂಬ ವಿಚಿತ್ರ ಸಂಖ್ಯೆ ನನ್ನನ್ನು ಕಾಡಿತ್ತು. ಬೌಧಾಯನರ ಅಳತೆಯಲ್ಲಿ ಒಂದು ಅಂಗುಲಕ್ಕೆ 34 ಎಳ್ಳು ಎಂದು ತಿಳಿದಾಗ, ಎಳ್ಳಿನಷ್ಟು ತಪ್ಪನ್ನೂ ಬಿಡದೆ ಅಳೆದವರ ಕೈ ಕಣ್ಣಿಗೆ ಕಟ್ಟಿತು.

ಆದರೆ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಶುಲ್ಬಸೂತ್ರದಲ್ಲಿಲ್ಲ. ಅಲ್ಲಿ ನಿಯಮವಿದೆ, ನಿರೂಪಣೆ ಇಲ್ಲ. ಕೆಲಸ ಮಾಡುವವರಿಗೆ ಅದು ಬೇಕಾಗಿಯೂ ಇರಲಿಲ್ಲ. ‘ಎಂತಕೆ’ ಎಂಬ ಪ್ರಶ್ನೆಗೆ ಹಂತಹಂತವಾಗಿ ಉತ್ತರ ಬರೆದಿಟ್ಟ ಗ್ರೀಕರ ಗ್ರಂಥ ಯೂಕ್ಲಿಡ್‌ನದು, ಕ್ರಿ.ಪೂ. 300ರ ಸುಮಾರಿನದು. ಅಂದರೆ ಪೈಥಾಗೊರಸ್ ಕದ್ದ ಎನ್ನುವುದಕ್ಕೂ ಆಧಾರವಿಲ್ಲ, ಅವನೇ ಮೊದಲು ಕಂಡ ಎನ್ನುವುದಕ್ಕೂ ಆಧಾರವಿಲ್ಲ. ನಮ್ಮ ಚರ್ಚಾ ಸ್ಪರ್ಧೆಯಲ್ಲಿ ಎರಡು ತಂಡಗಳೂ ಬಹುಮಾನಕ್ಕೆ ಅರ್ಹವಾಗಿರಲಿಲ್ಲ. ಆ ಒಬ್ಬಳನ್ನು ಬಿಟ್ಟು.

ಇಷ್ಟು ಓದುವಾಗ ನನಗೆ ನಿಜಕ್ಕೂ ಆಶ್ಚರ್ಯ ತಂದದ್ದು ಬೇರೆ. ಬೌಧಾಯನ, ಪೈಥಾಗೊರಸ್ ಎಂದು ನಾವು ಕಿತ್ತಾಡುತ್ತಿದ್ದಾಗ ನಮ್ಮ ನೆಲದಲ್ಲೇ ಈ ಪ್ರಮೇಯವನ್ನು ಪಳಗಿಸಿದವರ ಹೆಸರನ್ನು ಎರಡೂ ತಂಡದವರು ಎತ್ತಿರಲಿಲ್ಲ.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಎಂದರೆ ನಾವು ‘ಕವಿರಾಜಮಾರ್ಗ’ ಎನ್ನುತ್ತೇವೆ. ಕೆಎಎಸ್‌ಗೆ ಓದುವವರಿಗಂತೂ ಅದು ಕಂಠಪಾಠ. ಅದೇ ರಾಜನನ್ನು ಹೊಗಳಿ ಸುಮಾರು 850ರಲ್ಲಿ ಮಹಾವೀರಾಚಾರ್ಯ ಎಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅದು ಮದ್ರಾಸಿನಲ್ಲಿ ಅಚ್ಚಾಯಿತು. ಕನ್ನಡ ಅನುವಾದ 2000ರಲ್ಲಿ ಪದ್ಮಾವತಮ್ಮ ಅವರಿಂದ, ಹೊಂಬುಜದಿಂದ ಪ್ರಕಟವಾಗಿದೆ. ನಮ್ಮೂರಿನಿಂದ ಹುಲಿಕಲ್ ಘಾಟಿ ಹತ್ತಿ ಹೋದರೆ ಸಿಗುವ ಹೊಂಬುಜ! ಇಷ್ಟು ಹತ್ತಿರ ಇದ್ದದ್ದು ನನಗೆ ಇಷ್ಟು ತಡವಾಗಿ ಗೊತ್ತಾಯಿತು.

ಅದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ನಮ್ಮಂಥವರಿಗೆ ನೇರ ಉಪಯೋಗಕ್ಕೆ ಬರುವ ವಿಷಯವೊಂದಿದೆ. ಕೋಚಿಂಗಿನಲ್ಲಿ 3-4-5, 5-12-13, 8-15-17 ಎಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರಲ್ಲ? ಮಹಾವೀರಾಚಾರ್ಯ ಪಟ್ಟಿ ಕೊಡುವುದಿಲ್ಲ, ಬಿತ್ತನೆ ಬೀಜ ಕೊಡುತ್ತಾನೆ. ಎರಡು ಸಂಖ್ಯೆ ತೆಗೆದುಕೊಳ್ಳಿ, ಅವುಗಳ ಹೆಸರೇ ‘ಬೀಜ’. ಅವುಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಇಮ್ಮಡಿ ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. ಬೀಜ 2 ಮತ್ತು 1 ಆದರೆ 3, 4, 5. ಬೀಜ 3 ಮತ್ತು 2 ಆದರೆ 5, 12, 13. ಬೀಜ 4 ಮತ್ತು 1 ಆದರೆ 15, 8, 17. ಹೀಗೆ ಹುಟ್ಟಿದ ಆಕೃತಿಗೆ ‘ಜನ್ಯ’ ಎಂದು ಹೆಸರು. ಪಟ್ಟಿ ಮರೆತರೂ ಪರೀಕ್ಷಾ ಕೊಠಡಿಯಲ್ಲಿ ಕೂತು ನೀವೇ ಬೆಳೆಸಿಕೊಳ್ಳಬಹುದು. ನಾನು ಪಟ್ಟಿಯ ಹಾಳೆಯನ್ನು ಗೋಡೆಯಿಂದ ಕಿತ್ತೆಸೆದೆ.

ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಎಂಬಾತ ಕನ್ನಡದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಪುಸ್ತಕಗಳನ್ನು ಬರೆದ. ಗಣಿತಕ್ಕೆ ಕನ್ನಡ ಒಗ್ಗುವುದಿಲ್ಲ ಎನ್ನುವವರಿಗೆ ಈ ಹೆಸರೊಂದು ಸಾಕು.

ಅದೇ ಶತಮಾನದ ಭಾಸ್ಕರಾಚಾರ್ಯರ ಹೆಸರು ಎಲ್ಲರಿಗೂ ಗೊತ್ತು. 1114ರಲ್ಲಿ ಜನನ, 36ನೇ ವಯಸ್ಸಿಗೆ, ಅಂದರೆ 1150ರಲ್ಲಿ ‘ಸಿದ್ಧಾಂತಶಿರೋಮಣಿ’. ಸಹ್ಯಾದ್ರಿಯ ವಿಜ್ಜಡವಿಡ ತಮ್ಮ ಊರು ಎಂದು ಅವರೇ ಹೇಳಿದ್ದಾರೆ. ಅದು ನಮ್ಮ ವಿಜಯಪುರ ಎನ್ನುವವರೂ ಇದ್ದಾರೆ, ಮಹಾರಾಷ್ಟ್ರದ ಚಾಳೀಸ್‌ಗಾಂವ್ ಕಡೆ ಎನ್ನುವವರೂ ಇದ್ದಾರೆ. ಆ ಕಡೆಯ ಪಾಟಣದಲ್ಲಿ ಅವರ ಮೊಮ್ಮಗ ಹಾಕಿಸಿದ 1207ರ ಶಾಸನವಿದೆ. ಚರ್ಚಾ ಸ್ಪರ್ಧೆಯ ಅನುಭವದ ಮೇಲೆ ಆ ಜಗಳಕ್ಕೆ ನಾನು ಹೋಗುವುದಿಲ್ಲ.

ಅವರ ‘ಲೀಲಾವತಿ’ಯ ಲೆಕ್ಕಗಳನ್ನು ಓದಿದರೆ ಹಳ್ಳಿಯ ಹುಡುಗರಿಗೆ ಮನೆಗೆ ಬಂದಂತಾಗುತ್ತದೆ. 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿತು. ಮುರಿದದ್ದು ಎಷ್ಟು ಎತ್ತರದಲ್ಲಿ? (12 ಮೊಳ.) 9 ಮೊಳದ ಕಂಬದ ಮೇಲೆ ನವಿಲು, ಬುಡದಲ್ಲಿ ಹಾವಿನ ಹುತ್ತ. 27 ಮೊಳ ದೂರದಿಂದ ಹಾವು ಹುತ್ತದ ಕಡೆ ಬರುತ್ತಿದೆ, ನವಿಲು ಎರಗಿತು. ಇಬ್ಬರೂ ಸಮ ದೂರ ಸಾಗಿದರೆ ಹಾವು ಸಿಕ್ಕಿಬಿದ್ದದ್ದು ಹುತ್ತದಿಂದ ಎಷ್ಟು ದೂರದಲ್ಲಿ? ಇದಕ್ಕೂ ಉತ್ತರ 12. ಕೊಳದಲ್ಲಿ ನೀರಿನಿಂದ ಅರ್ಧ ಮೊಳ ಮೇಲೆದ್ದ ತಾವರೆ ಮೊಗ್ಗು ಗಾಳಿಗೆ ಬಾಗಿ 2 ಮೊಳ ಆಚೆ ಮುಳುಗಿತು, ನೀರಿನ ಆಳ? ಇದನ್ನು ನಿಮಗೇ ಬಿಟ್ಟಿದ್ದೇನೆ. ಗೋಡೆಗೆ ಒರಗಿಸಿದ ಏಣಿ ಎಂದು ಬ್ಯಾಂಕ್ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳೆಲ್ಲ ಇವುಗಳದೇ ಸಪ್ಪೆ ಮರಿಮಕ್ಕಳು. ಬಿದಿರಿನ ಲೆಕ್ಕ ಚೀನಾದ ಹಳೆಯ ಗ್ರಂಥದಲ್ಲೂ ಇದೆ, ಅಲ್ಲಿ ಬಿದಿರಿನ ಎತ್ತರ ಹತ್ತು ಅಡಿ.

ಲೀಲಾವತಿ ಯಾರು ಎಂಬ ಕತೆ ನಮಗೆಲ್ಲ ಗೊತ್ತು. ಮಗಳ ಮದುವೆಯ ಮುಹೂರ್ತಕ್ಕೆ ನೀರಿನ ಗಡಿಯಾರ ಇಟ್ಟದ್ದು, ಬಗ್ಗಿ ನೋಡಿದಾಗ ಅವಳ ಒಡವೆಯ ಮುತ್ತು ಬಿದ್ದು ಬಟ್ಟಲಿನ ತೂತು ಮುಚ್ಚಿದ್ದು, ಮುಹೂರ್ತ ತಪ್ಪಿದ್ದು, ಅವಳ ಸಮಾಧಾನಕ್ಕೆ ಅಪ್ಪ ಪುಸ್ತಕ ಬರೆದದ್ದು. ಆದರೆ ಭಾಸ್ಕರರ ಪುಸ್ತಕದಲ್ಲಿ ಈ ಕತೆಯೇ ಇಲ್ಲ. ಅಕ್ಬರನಿಗಾಗಿ 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ತಂದ ಫೈಜಿಯ ಮುನ್ನುಡಿಯಿಂದ ಅದು ಹರಡಿತು. ಎತ್ತು ಕಡಿದ ಕತೆಯ ಹಾಗೆಯೇ, ನಾಲ್ಕು ಶತಮಾನದ ನಂತರದ್ದು. ಇದನ್ನು ತಿಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಮುತ್ತಿನ ಕತೆ ನನಗೆ ಇಷ್ಟವಿತ್ತು.

ಇನ್ನೊಂದು ದಂತಕತೆ: ಭಾಸ್ಕರರು ಒಂದು ಚಿತ್ರ ಬರೆದು ಪಕ್ಕದಲ್ಲಿ ‘ನೋಡು’ ಎಂಬ ಒಂದೇ ಶಬ್ದ ಬರೆದು ಪ್ರಮೇಯ ನಿರೂಪಿಸಿದರು ಎನ್ನುವುದು. ಅವರು ಅಷ್ಟು ಜಿಪುಣರಲ್ಲ. ‘ಬೀಜಗಣಿತ’ದಲ್ಲಿ 15 ಮತ್ತು 20ರ ಬಾಹುಗಳನ್ನು ಇಟ್ಟುಕೊಂಡು ವಿವರಿಸಿಯೇ ಹೇಳಿದ್ದಾರೆ. ಅಂಥ ನಾಲ್ಕು ತ್ರಿಭುಜಗಳ ಕರ್ಣ ಹೊರಗೆ ಬರುವ ಹಾಗೆ ಜೋಡಿಸಿದರೆ ದೊಡ್ಡ ಚೌಕವಾಗುತ್ತದೆ, ನಡುವೆ 5ರ ಸಣ್ಣ ಚೌಕ ಉಳಿಯುತ್ತದೆ. ನಾಲ್ಕು ತ್ರಿಭುಜ 600, ನಡುವಿನ ಚೌಕ 25, ಒಟ್ಟು 625. ಅದು 25ರ ವರ್ಗ.

ಇದನ್ನು ಓದಿದ ಮರುದಿನ ಹತ್ತು ಗಂಟೆಯ ಚಾ ಹೊತ್ತಿಗೆ ಹಳೆ ಕ್ಯಾಲೆಂಡರಿನ ರಟ್ಟಿನಲ್ಲಿ 3, 4, 5 ಇಂಚಿನ ನಾಲ್ಕು ತ್ರಿಭುಜ ಕತ್ತರಿಸಿ, ಒಂದು ಇಂಚಿನ ಚೌಕವೊಂದನ್ನೂ ಸೇರಿಸಿ ಮೇಸ್ತ್ರಿಯ ಮುಂದೆ ಮುರಕಲ್ಲಿನ ಮೇಲೆ ಜೋಡಿಸಿದೆ. ಐದಿಂಚಿನ ಚೌಕವಾಯಿತು. ಮುಂದೇನೆಂದು ನಾನು ಬಾಯಿ ತೆರೆಯುವ ಮೊದಲೇ ಅವರು ಲೋಟ ಕೆಳಗಿಟ್ಟರು. ಎರಡೆರಡು ತ್ರಿಭುಜ ಕೂಡಿಸಿ ಎರಡು ಆಯತ ಮಾಡಿದರು. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಅದರ ಪಕ್ಕ ಮಲಗಿಸಿ, ಮೂಲೆಯಲ್ಲಿ ಆ ಸಣ್ಣ ಚೌಕ ಇಟ್ಟರು. ಎಡಕ್ಕೆ ನಾಲ್ಕಿಂಚಿನ ಚೌಕ, ಬಲಕ್ಕೆ ಮೂರಿಂಚಿನ ಚೌಕ, ನಡುವೆ ಒಂದು ಗೆರೆ ಎಳೆದರೆ ಆಯಿತು. ಟೈಲ್ಸ್ ಕೊಯ್ದು ಕೂರಿಸಿ ರೂಢಿಯಾದ ಕೈ. ‘ತುಂಡ್ ಅದೇ, ಜಾಗ ಮಾತ್ರ ಬೇರೆ’ ಎಂದರು. ಹತ್ತನೇ ತರಗತಿಯಲ್ಲಿ ನಾನು ಒಂದು ಪುಟ ಬರೆದದ್ದು ಇಷ್ಟನ್ನೇ.

ಈ ಪ್ರಮೇಯಕ್ಕೆ ಜನ 300ಕ್ಕೂ ಹೆಚ್ಚು ನಿರೂಪಣೆ ಕೊಟ್ಟಿದ್ದಾರೆ. ಅಮೆರಿಕದ ಅಧ್ಯಕ್ಷನಾದ ಗಾರ್ಫೀಲ್ಡ್ ಅಧ್ಯಕ್ಷನಾಗುವ ಮುಂಚೆ, 1876ರಲ್ಲಿ ಒಂದು ಪ್ರಕಟಿಸಿದ್ದ. ಇನ್ನು ಹೊಸದೇನೂ ಬರಲಿಕ್ಕಿಲ್ಲ ಎಂದುಕೊಂಡಿದ್ದರೆ, ನ್ಯೂ ಆರ್ಲಿಯನ್ಸ್‌ನ ಕ್ಯಾಲ್ಸಿಯಾ ಜಾನ್ಸನ್ ಮತ್ತು ನೆಕಿಯಾ ಜಾಕ್ಸನ್ ಎಂಬ ಇಬ್ಬರು ಹೈಸ್ಕೂಲು ಹುಡುಗಿಯರು ಶಾಲೆಯ ಸ್ಪರ್ಧೆಗೆಂದು ಕೂತು ತ್ರಿಕೋನಮಿತಿಯಿಂದ ಹೊಸ ದಾರಿ ಹುಡುಕಿದರು. 2024ರ ಅಕ್ಟೋಬರಿನಲ್ಲಿ ಅದು ಪ್ರತಿಷ್ಠಿತ ಗಣಿತ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೋಣೆಯ ಗೋಡೆ ಎದ್ದು ಮಾಡಿನ ಕೆಲಸಕ್ಕೆ ಬಂತು. ಪಕ್ಕಾಸಿಗೆ ಅಪ್ಪ ಮರ ತಂದಿಟ್ಟಿದ್ದರು. ಉದ್ದ ತಪ್ಪಿ ಕೊಯ್ದರೆ ಸಾವಿರಾರು ರೂಪಾಯಿಯ ಮರ ಸೌದೆಯಾಗುತ್ತದೆ. ಗೋಡೆಯಿಂದ ನಡುವಿಗೆ ಆರು ಅಡಿ. ನಾನು ಉತ್ಸಾಹದಿಂದ, ಎತ್ತರ ಎರಡೂವರೆ ಅಡಿ ಇಟ್ಟರೆ ಪಕ್ಕಾಸು ಸರಿಯಾಗಿ ಆರೂವರೆ ಅಡಿ ಬರುತ್ತದೆ, ಅದು 5-12-13ರ ಅರ್ಧ ಎಂದೆ. ಲೆಕ್ಕ ಚೆಂದ ಇತ್ತು. ಮೇಸ್ತ್ರಿ ಆಕಾಶ ನೋಡಿದರು. ‘ಎರಡೂವರೆ ಸಾಕಾತ್ತಿಲ್ಲೆ ಮಾಣಿ. ನಮ್ಮ್ ಮಳಿಗೆ ನೀರ್ ಹಂಚಿನ್ ಅಡಿಗ್ ನುಗ್ಗತ್ತ್. ಮೂರ್ ಬೇಕ್.’

ಆರು ಮತ್ತು ಮೂರು. ವರ್ಗಗಳ ಮೊತ್ತ 45. ಅದರ ವರ್ಗಮೂಲ ಮುಗಿಯದ ಸಂಖ್ಯೆ: 6.7082 ಎಂದು ಹೋಗುತ್ತಲೇ ಇರುತ್ತದೆ. ಇಂಥ ಸಂಖ್ಯೆಗಳಿವೆ ಎಂಬ ಗುಟ್ಟನ್ನು ಹೊರಗೆ ಬಿಟ್ಟದ್ದಕ್ಕೆ ಪೈಥಾಗೊರಸನ ಪಂಥದ ಹಿಪ್ಪಾಸಸ್ ಎಂಬಾತ ಸಮುದ್ರದಲ್ಲಿ ಮುಳುಗಿ ಸತ್ತ ಎಂದು ಹೇಳುವ ದಂತಕತೆಯೊಂದಿದೆ. ಅದನ್ನೂ ಮೇಸ್ತ್ರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ‘ಪಾಪ. ಅಡಿ ಇಂಚಲ್ಲಿ ಎಷ್ಟ್ ಬಂತ್?’

‘ಆರ್ ಅಡಿ ಎಂಟೂವರೆ ಇಂಚ್. ಸ್ವಲ್ಪ ಹೆಚ್ಚೂಕಮ್ಮಿ.’

ಸೂರಿಗೆ ಬೇಕಾದ ಒಂದೂವರೆ ಅಡಿ ಸೇರಿಸಿ, ಮತ್ತೆ ಅರ್ಧ ಇಂಚು ಜಾಸ್ತಿ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದರು. ಮೊದಲ ಪಕ್ಕಾಸನ್ನು ಮೇಲಿಟ್ಟು ನೋಡುವವರೆಗೂ ಉಳಿದ ಮರಕ್ಕೆ ಗರಗಸ ಹಾಕಲಿಲ್ಲ. ಅಪ್ಪ ಕೆಳಗೆ ಉಸಿರು ಬಿಗಿಹಿಡಿದು ನಿಂತಿದ್ದರು. ಸರಿಯಾಗಿ ಕೂತಿತು. ಹೆಚ್ಚಾಗಿದ್ದ ಅರ್ಧ ಇಂಚನ್ನು ಉಳಿಯಲ್ಲಿ ತೆಗೆದು, ‘ಇದೇ ಅಳತಿ, ಬಾಕಿದ್ದೆಲ್ಲ ಕೊಯ್ಯಿ’ ಎಂದು ನನ್ನ ಕೈಗೆ ಪೆನ್ಸಿಲ್ ಕೊಟ್ಟರು.